ಬಳ್ಳಾರಿಯಲ್ಲಿ ಓಡಿಸುವ ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ಗೆ ಎಂಥ ಲೋವರಿಂಗ್ ಸ್ಪ್ರಿಂಗ್ (ಕಾರಿನ ಎತ್ತರ ತಗ್ಗಿಸುವ ಸ್ಪ್ರಿಂಗ್) ಹಾಕಿಸಬೇಕು?

ಕಂಪನಿ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡು ಸ್ಪ್ರಿಂಗ್ ಮಾತ್ರ ಬದಲಿಸುವುದಾದರೆ ಕಾರು ಇಳಿಸುವುದನ್ನು 25 ಮಿ.ಮೀ.ಗೆ ನಿಲ್ಲಿಸಿ. 40ಕ್ಕೆ ಇಳಿಸಿದರೆ ಶಾಕಿನ ರಾಡ್ ಸದಾ ಒಳಗೇ ಕೂತು, ಗುಂಡಿ ಸಿಕ್ಕಾಗಲೆಲ್ಲ ಬಂಪ್ ಸ್ಟಾಪಿಗೆ (ಶಾಕ್ ತಳ ಮುಟ್ಟದಂತೆ ತಡೆಯುವ ರಬ್ಬರ್ ತುಂಡಿಗೆ) ಬಡಿಯುತ್ತದೆ; ಬರಬರುತ್ತ ಸೀಲ್ ಹೋಗಿ ಎಣ್ಣೆ ಸೋರುತ್ತದೆ. ಅದಿರು ಲಾರಿ ಓಡಾಡುವ ಸಂಡೂರು ಕಡೆಯ ರಸ್ತೆ, ಅಳತೆಯಿಲ್ಲದ ಹಂಪು, ಹಿಂದೆ ಮೂವರು ಕೂತಾಗಿನ ಭಾರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮದೇ ಮಾಡೆಲ್, ಎಂಜಿನ್‌ಗೆ ಮಾಡಿದ ಪ್ರೋಗ್ರೆಸಿವ್ ಸ್ಪ್ರಿಂಗ್ (ಒತ್ತಿದಷ್ಟೂ ಗಟ್ಟಿಯಾಗುವಂಥದ್ದು) ಕೊಳ್ಳಿ. ಡೀಸೆಲ್ ಎಂಜಿನ್ ತೂಕ ಹೆಚ್ಚು. ಪೆಟ್ರೋಲ್ ಕಾರಿನದು ಹಾಕಿದರೆ ಮುಂಭಾಗ ಇನ್ನಷ್ಟು ಕುಸಿಯುತ್ತದೆ. ಹಳೇ ಸ್ಪ್ರಿಂಗ್ ಕತ್ತರಿಸುವುದು ಮಾತ್ರ ಬೇಡವೇ ಬೇಡ, ಚಕ್ರ ಜೋತಾಗ ಅದು ತಾನು ಕೂರುವ ತಟ್ಟೆಯಿಂದ ಜಾರಬಹುದು.

ಹಾಕಿಸಿದ ಕೂಡಲೇ ವೀಲ್ ಅಲೈನ್‌ಮೆಂಟ್. ಸುಮಾರು 500 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಮತ್ತೊಮ್ಮೆ. ಟೋ (ಚಕ್ರಗಳು ನೇರ ಮುಂದಕ್ಕೆ ನೋಡುವ ಕೋನ) ತಪ್ಪಿದ್ದರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ.