ಮಿರ್ಚಿ ತಟ್ಟೆ ತಳ್ಳಿದ ಹುಡುಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕೊಪ್ಪಳದ ಕಡೆಯ ಹುಡುಗ. 9 ವರ್ಷ, ಡೌನ್ ಸಿಂಡ್ರೋಮ್ ಇದೆ (ಹುಟ್ಟಿನಿಂದಲೇ ಇರುವ, ಕಲಿಕೆ-ಬೆಳವಣಿಗೆ ನಿಧಾನವಾಗುವ ಸ್ಥಿತಿ). ಕುತ್ತಿಗೆಯಲ್ಲಿ ಗಂಟು ಎದ್ದಿತ್ತು, ನೋವಿರಲಿಲ್ಲ. ಟಿಬಿ ಇರಬೇಕೆಂದು 3 ತಿಂಗಳು ಮಾತ್ರೆ ನುಂಗಿಸಿದರು. ಇಳಿಯಲಿಲ್ಲ. ಗಂಟು ತೆಗೆದು ಬಯಾಪ್ಸಿಗೆ ಕಳಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಕ್ಯಾನ್ಸರ್, ಅಂತ ಬಂತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಜಾಸ್ತಿ, ಲಿಂಫೋಮಾ ಅಪರೂಪ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲು ಹೇಳಿದ್ದರು.

ಸಲಹೆ ಕೇಳಲು ನನ್ನ ಹತ್ತಿರ ಬಂದ ತಾಯಿ ನೆಲ ನೋಡುತ್ತಲೇ ಕೇಳಿದರು. "ಇಂಥಾ ಹುಡುಗಗ ಇಷ್ಟೆಲ್ಲಾ ಯಾಕ ಅಂತಾರ್ರೀ ಮೇಡಂ, ಮನ್ಯಾಗ." ನಿಮಗೇನನ್ನಿಸ್ತದೆ ಅಂದೆ. ಬಹಳ ಹೊತ್ತು ಸುಮ್ಮನಿದ್ದರು. ಹುಡುಗ ಅವರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. "ನನಗ ಇವ ಬೇಕ್ರೀ."

ಮುಂದಿನ ಸಲ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. ಇದು ಮಕ್ಕಳಲ್ಲಿ ಬಹುಪಾಲು ವಾಸಿಯಾಗುವ ಕ್ಯಾನ್ಸರ್, ಅಂಟುವುದಿಲ್ಲ, ತಾಯಿ ಮಾಡಿದ ತಪ್ಪಿನಿಂದ ಬಂದದ್ದೂ ಅಲ್ಲ ಎಂದೆ. "ಇವನ ಅಕ್ಕನಿಗೆ ಬಂದಿದ್ರೆ ಇದೇ ಮಾತು ಕೇಳ್ತಿದ್ರಾ?" ಸ್ವಲ್ಪ ಗಡುಸಾಗಿಯೇ ಕೇಳಿದ್ದೆ. ಯಾರೂ ಮಾತಾಡಲಿಲ್ಲ. ನಾನೂ ಬೆಳೆಸಲಿಲ್ಲ.

ಖರ್ಚು, ಪ್ರಯಾಣದ ಮಾತು ಬೇಗ ಮುಗಿಯಿತು: ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಕಾರ್ಡ್ ಮಾಡಿಸಬೇಕಿತ್ತು, ಬೆಂಗಳೂರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ರೈಲು ಇದೆ. ಹೆಚ್ಚು ಹೊತ್ತು ಹಿಡಿದದ್ದು ಬೇರೆ. ಡೌನ್ ಸಿಂಡ್ರೋಮ್ ಇರುವ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಕೀಮೋದ (ಕ್ಯಾನ್ಸರ್‌ಗೆ ಕೊಡುವ ಔಷಧ ಚಿಕಿತ್ಸೆ) ಕೆಲವು ಔಷಧ ಹೃದಯಕ್ಕೆ ಭಾರ. ಹಾಗಾಗಿ ಹಳೇ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತಪ್ಪದೆ ಒಯ್ಯಿರಿ ಎಂದೆ. ಕೀಮೋ ನಡೆವಾಗ ಬಾಯಿ ಹುಣ್ಣು, ಸೋಂಕು ಈ ಮಕ್ಕಳನ್ನು ಜಾಸ್ತಿ ಕಾಡುತ್ತವೆ. ಜ್ವರ ಬಂದರೆ ಮನೆಯಲ್ಲಿ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, ನಡುರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ, ಕೀಮೋ ನಡೆದಿದೆ ಎಂದು ಮೊದಲೇ ಹೇಳಿ.

ಆದರೆ ಇವನು ನೋವು ಅಂತ ಬಾಯಿಬಿಟ್ಟು ಹೇಳುವವನಲ್ಲ. ಮೊದಲು ನೋವಾದಾಗ ಏನು ಮಾಡುತ್ತಿದ್ದ ಎಂದು ಕೇಳಿದೆ. ಅತ್ತೆ ಥಟ್ಟನೆ ಅಂದರು, "ಹಲ್ಲು ನೂಸಿದಾಗ ಮಿರ್ಚಿ ತಟ್ಟಿ ದೂಡಿದ್ದ. ಇಲ್ಲಾಂದ್ರ ಬಿಡಾಂವಲ್ಲ." ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಡಾಕ್ಟರಿಗೂ ಹೇಳಿ ಎಂದೆ. ಸೂಜಿಯ ಹೆದರಿಕೆಗೆ ಮೊದಲು ಅವನ ಗೊಂಬೆಗೆ ಸಲೈನ್ ಹಚ್ಚುವ ಆಟ ಆಡಿಸಲು ತೋರಿಸಿಕೊಟ್ಟೆ.

ಎರಡನೇ ಸುತ್ತಿನ ಕೀಮೋ ಆದ ಮೇಲೆ ತಾಯಿಯ ಫೋನ್ ಬಂತು. "ತಟ್ಟಿ ದೂಡಿದ್ರೀ ಮೇಡಂ. ಬ್ಯಾಟರಿ ಹಾಕಿ ನೋಡಿದೆ, ಬಾಯಾಗ ಬಿಳೀ ಹುಣ್ಣು." ಜ್ವರ? "ಇಲ್ರೀ. ಡಾಕ್ಟರಿಗೆ ಫೋನ್ ಮಾಡೀವಿ, ಇವತ್ತ ಬಾ ಅಂದಾರ. ಈ ಸಲ ಅತ್ತೀನೂ ಹೊಂಟಾರ."