ಫಿಸ್‌ಎಕ್ಸ್‌ಗಾಗಿ ಎರಡನೇ ಗ್ರಾಫಿಕ್ಸ್ ಕಾರ್ಡ್ ಬೇಕೆ?

ಪ್ರಶ್ನೆ: ಆರ್‌ಟಿಎಕ್ಸ್ 5070 ಹಾಕಿಸಿದ ಮೇಲೆ ಹೊಸ ಆಟಗಳು ಸರಾಗವಾಗಿ ನಡೆಯುತ್ತಿವೆ. ಆದರೆ ‘ಮಾಫಿಯಾ 2’ ಮತ್ತು ‘ಬಾರ್ಡರ್‌ಲ್ಯಾಂಡ್ಸ್ 2’ ಆಟಗಳಲ್ಲಿ ಫಿಸ್‌ಎಕ್ಸ್ (ಆಟದ ವಸ್ತುಗಳ ಚಲನೆಯನ್ನು ಲೆಕ್ಕ ಹಾಕುವ ತಂತ್ರಾಂಶ) ಆನ್ ಮಾಡಿದರೆ ಸ್ಫೋಟದ ದೃಶ್ಯಗಳಲ್ಲಿ ಫ್ರೇಮ್ ದರ ಕುಸಿಯುತ್ತದೆ. ತೆಗೆದಿಟ್ಟಿರುವ ಜಿಟಿಎಕ್ಸ್ 1060 ಕಾರ್ಡನ್ನು ಜೊತೆಗೆ ಸೇರಿಸಬಹುದೆ? ಹೊಸ ಆಟಗಳಿಗೂ ಅದರಿಂದ ಲಾಭವಿದೆಯೆ?

ಉತ್ತರ: ಕ್ಯಾಬಿನೆಟ್ ಬಿಚ್ಚುವ ಮೊದಲು ನಿಮ್ಮ ಡ್ರೈವರ್‌ನ (ಕಾರ್ಡನ್ನು ನಡೆಸುವ ತಂತ್ರಾಂಶದ) ಆವೃತ್ತಿಯನ್ನು ನೋಡಿಕೊಳ್ಳಿ, ಬಹುಶಃ ಎರಡನೇ ಕಾರ್ಡಿನ ಅಗತ್ಯವೇ ಬೀಳದು. 2008ರಲ್ಲಿ ಎನ್‌ವಿಡಿಯಾ ಫಿಸ್‌ಎಕ್ಸ್‌ನ ಆಗಿನ ಒಡೆಯನಾದ ಏಜಿಯಾ ಕಂಪನಿಯನ್ನು ಕೊಂಡ ಬಳಿಕ ಫಿಸ್‌ಎಕ್ಸ್‌ನ ಲೆಕ್ಕಾಚಾರ ‘ಕುಡಾ’ (CUDA, ಗ್ರಾಫಿಕ್ಸ್ ಕಾರ್ಡಿನಿಂದ ಇತರ ಲೆಕ್ಕ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ) ಮೂಲಕ ಗ್ರಾಫಿಕ್ಸ್ ಕಾರ್ಡಿನಲ್ಲೇ ನಡೆಯತೊಡಗಿತು. ಆ ಕಾಲದ ಬಹುತೇಕ ಆಟಗಳು 32 ಬಿಟ್‌ನವು. ಆರ್‌ಟಿಎಕ್ಸ್ 50 ಸರಣಿಯಲ್ಲಿ 32 ಬಿಟ್ ‘ಕುಡಾ’ ಬೆಂಬಲವನ್ನು ಕೈಬಿಟ್ಟದ್ದರಿಂದ, ಚೂರುಗಳು ಸಿಡಿಯುವ, ಹೊಗೆ ಸುಳಿಯುವ, ಬಟ್ಟೆ ಹಾರುವ ಲೆಕ್ಕವೆಲ್ಲ ಪ್ರೊಸೆಸರ್ ಮೇಲೆ ಬಿತ್ತು. ನೀವು ಕಾಣುತ್ತಿರುವ ಕುಸಿತಕ್ಕೆ ಇದೇ ಕಾರಣ. ಕಾರ್ಡಿನಲ್ಲಿ ದೋಷವೇನೂ ಇಲ್ಲ.

2025ರ ಡಿಸೆಂಬರ್‌ನಲ್ಲಿ ಬಂದ 591.44 ಡ್ರೈವರ್ ಆಯ್ದ ಕೆಲವು ಹಳೆಯ ಆಟಗಳಿಗೆ ಈ ಬೆಂಬಲವನ್ನು ಮರಳಿ ನೀಡಿದೆ, ಮತ್ತು ನೀವು ಹೆಸರಿಸಿದ ಎರಡೂ ಆಟಗಳು ಆ ಪಟ್ಟಿಯಲ್ಲಿವೆ. ಅದನ್ನೋ ಅದಕ್ಕಿಂತ ಹೊಸದನ್ನೋ ಹಾಕಿಕೊಂಡರೆ ಸಾಕು. ಇಲ್ಲಿ ಇನ್ನೊಂದು ತೊಡಕನ್ನೂ ಹೇಳಬೇಕು: ಎರಡೂ ಕಾರ್ಡುಗಳನ್ನು ಒಂದೇ ಡ್ರೈವರ್ ನಡೆಸಬೇಕಾಗುತ್ತದೆ, ಆದರೆ ಜಿಟಿಎಕ್ಸ್ 1060 ಸೇರಿದ ಪ್ಯಾಸ್ಕಲ್ ಪೀಳಿಗೆಗೆ 580 ಸರಣಿಯ ಡ್ರೈವರುಗಳೇ ಕೊನೆಯವು. ಹಳೆಯ ಕಾರ್ಡಿಗಾಗಿ ಹೊಸ ಕಾರ್ಡಿನ ಡ್ರೈವರನ್ನು ಹಿಂದೆಯೇ ನಿಲ್ಲಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯವಹಾರ.

‘ಕ್ರಯೋಸ್ಟಾಸಿಸ್’ನಂತಹ, ಆ ಪಟ್ಟಿಯಲ್ಲಿ ಸೇರದ ಆಟಗಳ ಮೇಲೆ ನಿಮಗೆ ಒಲವಿದ್ದರೆ ಮಾತ್ರ ಎರಡನೇ ಕಾರ್ಡಿಗೆ ಅರ್ಥವಿದೆ. ಆಗಲೂ ದೊಡ್ಡ ಕಾರ್ಡ್ ಬೇಡ. ಹೊಸ ಡ್ರೈವರಿಗೆ ಒಗ್ಗುವ, ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನೊಳಗೇ ನಡೆಯುವ 6 ಜಿಬಿಯ ಆರ್‌ಟಿಎಕ್ಸ್ 3050 ಧಾರಾಳವಾಯಿತು. ಎರಡು ಕಾರ್ಡುಗಳನ್ನು ಜೋಡಿಸುವ ಎಸ್‌ಎಲ್‌ಐ ಬ್ರಿಡ್ಜ್ ಬೇಕಿಲ್ಲ, ಮಾನಿಟರಿನ ಕೇಬಲ್ ಮುಖ್ಯ ಕಾರ್ಡಿನಲ್ಲೇ ಇರಲಿ. ಮದರ್‌ಬೋರ್ಡಿನ ಕೈಪಿಡಿಯನ್ನು ಮಾತ್ರ ತಪ್ಪದೆ ನೋಡಿ, ಏಕೆಂದರೆ ಕೆಲವು ಬೋರ್ಡುಗಳಲ್ಲಿ ಎರಡನೇ ಸ್ಲಾಟ್ ತುಂಬಿದೊಡನೆ ಮುಖ್ಯ ಕಾರ್ಡಿನ 16 ಲೇನ್‌ಗಳು (ಮಾಹಿತಿ ಹರಿಯುವ ದಾರಿಗಳು) 8ಕ್ಕೆ ಇಳಿಯುತ್ತವೆ. ಜೊತೆಗೆ ಎರಡು ಕಾರ್ಡುಗಳ ನಡುವೆ ಗಾಳಿಯಾಡಲು ಜಾಗವಿಲ್ಲದಿದ್ದರೆ ಮೇಲಿನದು ಬಿಸಿಯಾಗುತ್ತದೆ.

ಹೊಸ ಆಟಗಳಿಗೆ ಇದರಿಂದ ಲಾಭವಿಲ್ಲ. ಇಂದಿನ ಆಟಗಳು ಭೌತಿಕ ಲೆಕ್ಕವನ್ನು ಹೆಚ್ಚಾಗಿ ಪ್ರೊಸೆಸರಿನಲ್ಲೇ ಮಾಡಿಕೊಳ್ಳುತ್ತವೆ.

ಕಾರ್ಡ್ ಕೂರಿಸಿದ ನಂತರ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದಲ್ಲಿ ಪ್ರೊಸೆಸರ್ ಆಯ್ಕೆಯನ್ನು ‘ಆಟೋ’ದಿಂದ ಎರಡನೇ ಕಾರ್ಡಿನ ಹೆಸರಿಗೆ ಬದಲಿಸಿ. ಅಲ್ಲಿನ 3ಡಿ ಸೆಟ್ಟಿಂಗ್ಸ್ ಮೆನುವಿನಲ್ಲಿ ಫಿಸ್‌ಎಕ್ಸ್ ಸೂಚಕವನ್ನು ಆನ್ ಮಾಡಿದರೆ, ಲೆಕ್ಕ ಸಿಪಿಯುವಿನಲ್ಲಿ (ಪ್ರೊಸೆಸರಿನಲ್ಲಿ) ನಡೆಯುತ್ತಿದೆಯೋ ಜಿಪಿಯುವಿನಲ್ಲೋ (ಗ್ರಾಫಿಕ್ಸ್ ಕಾರ್ಡಿನಲ್ಲೋ) ಎಂಬುದು ಆಟದ ಪರದೆಯ ಮೇಲೆಯೇ ಕಾಣಿಸುತ್ತದೆ. ಡ್ರೈವರ್ ಬದಲಿಸಿದ ಮೇಲೆಯೂ ಮೊದಲು ಇದನ್ನೇ ಪರೀಕ್ಷಿಸಿ.