ಕಾರಂತರ ಹಾಡು ನಾಟಕವನ್ನು ನುಂಗಿತೆ?

ಪ್ರಿಯ ಓದುಗರೆ,

ರಂಗ ನಿರ್ದೇಶಕ ಬಿ.ವಿ. ಕಾರಂತರ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ನೀವು ಎರಡು ಆಕ್ಷೇಪ ಎತ್ತಿದ್ದೀರಿ. ಅವರು ಒಳ್ಳೆಯ ಸಂಗೀತಗಾರರು ಅಷ್ಟೆ, ಹಾಡಿನ ಅಬ್ಬರದಲ್ಲಿ ನಾಟಕದ ಮಾತು ಮುಳುಗಿಹೋಗುತ್ತಿತ್ತು ಎಂಬುದು ಒಂದು. ದೆಹಲಿ, ಭೋಪಾಲ, ಮೈಸೂರು ಎಂದು ಎಲ್ಲೂ ನೆಲೆ ನಿಲ್ಲದವರು ಕಟ್ಟಿದ್ದಾದರೂ ಏನು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ವಿವರವಾಗಿ ಉತ್ತರಿಸಬೇಕು. ರಂಗಭೂಮಿಯವರೇ ಕೆಲವರು ಹೀಗೆ ಹೇಳುವುದನ್ನು ಕೇಳಿದ್ದೇನೆ.

ಬಂಟ್ವಾಳದ ಕಡೆಯ ಬಾಬುಕೋಡಿಯ ಈ ಹುಡುಗ ಚಿಕ್ಕಂದಿನಲ್ಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು. ಕಂಪನಿ ನಾಟಕದಲ್ಲಿ ಹಾಡು ಬಾರದವನಿಗೆ ಪಾತ್ರ ಸಿಗುವುದೇ ಕಷ್ಟ. ವೀರಣ್ಣನವರೇ ಮುಂದೆ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಎಂ.ಎ. ಜೊತೆಗೆ ಗಾಯಕ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಪಾಠವೂ ಆಯಿತು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಲ್ಲಿನ ನಿರ್ದೇಶಕ ಅಲ್ಕಾಜಿಯವರ ಬಿಗಿ ಶಿಸ್ತು. ಇಷ್ಟೆಲ್ಲ ಒಬ್ಬರಲ್ಲೇ ಕೂಡಿಬಂದದ್ದು ಕನ್ನಡ ರಂಗಭೂಮಿಯ ಪುಣ್ಯ. ಇಂಥವರಿಗೆ ಸಂಗೀತವೆಂದರೆ ನಾಟಕ ಸಿದ್ಧವಾದ ಮೇಲೆ ಬಳಿಯುವ ಬಣ್ಣವಲ್ಲ. ಅವರು ನಾಟಕವನ್ನು ಯೋಚಿಸುತ್ತಿದ್ದದ್ದೇ ಕಿವಿಯಿಂದ.

ಶ್ರೀರಂಗರ 'ಸತ್ತವರ ನೆರಳು' ತೆಗೆದುಕೊಳ್ಳಿ. ಮಠ, ಪೀಠ, ಅಧಿಕಾರದ ಮಸಲತ್ತು ಇವೇ ವಸ್ತು. ಓದಲು ಕೂತರೆ ಮಾತಿನ ಭಾರವೇ ಹೆಚ್ಚು. 1974ರಲ್ಲಿ ಬೆಂಗಳೂರಿನ ಬೆನಕ ತಂಡಕ್ಕೆ ಇದನ್ನು ಆಡಿಸುವಾಗ ಕಾರಂತರು ಪುರಂದರದಾಸರ ಪದಗಳನ್ನು ನಡುನಡುವೆ ತಂದರು. ದಾಸರ ಪದ ನಮಗೆಲ್ಲ ಮನೆಯ ಭಜನೆಯಿಂದಲೇ ಗೊತ್ತು, ಕೇಳಿದೊಡನೆ ಮನಸ್ಸು ಮೆತ್ತಗಾಗುತ್ತದೆ. ಹಾಗೆ ಮೆತ್ತಗಾದ ಹೊತ್ತಿಗೇ ರಂಗದ ಮೇಲೆ ಮಠದ ಲೆಕ್ಕಾಚಾರ ನಡೆಯುತ್ತದೆ. ಭಕ್ತಿ ಯಾವುದು, ಅದರ ಹೆಸರಿನಲ್ಲಿ ನಡೆಯುವ ವ್ಯವಹಾರ ಯಾವುದು ಎಂದು ಪ್ರೇಕ್ಷಕನೇ ಬಿಡಿಸಿಕೊಳ್ಳಬೇಕು. ಇಲ್ಲಿ ಹಾಡು ಮಾತನ್ನು ಮುಳುಗಿಸಿಲ್ಲ, ಮಾತಿನ ಮರ್ಮಕ್ಕೇ ಕೈ ಹಾಕಿದೆ. ಇದು ನಿರ್ದೇಶನವಲ್ಲದೆ ಮತ್ತೇನು?

ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಕೂಡ ಹಾಗೆಯೇ. 1979ರಲ್ಲಿ ರಘುವೀರ್ ಸಹಾಯ್ ಅವರ ಹಿಂದಿ ಅನುವಾದವನ್ನು 'ಬರ್ನಮ್ ವನ್' ಎಂದು ರಂಗಕ್ಕೆ ತಂದಾಗ, ಸ್ಕಾಟ್‌ಲೆಂಡಿನ ದೊರೆಯನ್ನು ಯಕ್ಷಗಾನದ ಹೆಜ್ಜೆಯಲ್ಲಿ ನಡೆಸಿದರು. ದೆಹಲಿಯ ನಟರ ಮೈಗೆ ಕರಾವಳಿಯ ಲಯ ಹಿಡಿಸುವುದು ಬರೀ ಹಾರ್ಮೋನಿಯಂ ಬಲ್ಲವನಿಂದ ಆಗುವ ಕೆಲಸವಲ್ಲ.

ಅವರನ್ನು ಅನುಕರಿಸಿದವರ ಎಷ್ಟೋ ನಾಟಕಗಳಲ್ಲಿ ತಮಟೆ, ಹಾಡು, ಕುಣಿತ ಬಿಟ್ಟರೆ ಬೇರೇನೂ ಉಳಿಯದ್ದು ನಿಜ. ನಿಮ್ಮ ದೂರು ಅಲ್ಲಿಗೆ ಸಲ್ಲಬೇಕು.

ಇನ್ನು ನೆಲೆ ನಿಲ್ಲದ ವಿಚಾರ. 1977ರಿಂದ ನಾಲ್ಕು ವರ್ಷ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು, ಆಮೇಲೆ ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಎಂಬ ನಾಟಕ ತಂಡ ಕಟ್ಟಿದರು, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. ಸಂಬಳ ಪಡೆದು ದಿನವಿಡೀ ನಾಟಕವನ್ನೇ ಮಾಡುವ ಕಲಾವಿದರ ತಂಡ ಸರ್ಕಾರದ ಆಶ್ರಯದಲ್ಲಿ ಕನ್ನಡಕ್ಕೆ ದಕ್ಕಿದ್ದು ಹೀಗೆ. ಕಾರಂತರು ಹೊರಟ ಮೇಲೂ ರಂಗಾಯಣ ನಡೆದಿದೆ. ಕಟ್ಟಿದವನಿಲ್ಲದೆಯೂ ನಡೆಯುವುದನ್ನು ಸೋಲೆಂದು ಹೇಗೆ ಬರೆಯಲಿ?

ಅದಕ್ಕೂ ಮುಂಚೆ, 1972ರಲ್ಲಿ, ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿ ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು. ಮಕ್ಕಳಿಗಾಗಿ 'ಪಂಜರ ಶಾಲೆ' ಕೊಟ್ಟರು. ಮಡದಿ ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಗೆ ಮಾಡಿದ ಕೆಲಸಕ್ಕೆ ಬೇರೆಯೇ ಲೇಖನ ಬೇಕು, ಅದನ್ನು ಬರೆಸುತ್ತೇವೆ.

ಕಾರಂತರು 2002ರಲ್ಲಿ ತೀರಿಕೊಂಡರು. ಆಮೇಲೂ ಬೆನಕದವರು 'ಸತ್ತವರ ನೆರಳು' ಆಡುತ್ತ ಬಂದಿದ್ದಾರೆ. ಮುಂದಿನ ಪ್ರದರ್ಶನದ ಸುದ್ದಿ ಸಿಕ್ಕರೆ ದಯವಿಟ್ಟು ಹೋಗಿ ನೋಡಿ. ಹಾಡು ಯಾವ ಮಾತಿನ ಬೆನ್ನಿಗೆ ಶುರುವಾಗುತ್ತದೆ, ಎಲ್ಲಿ ಥಟ್ಟನೆ ನಿಲ್ಲುತ್ತದೆ ಎಂಬುದರ ಕಡೆ ಗಮನ ಕೊಡಿ. ಆಮೇಲೂ ನಿಮ್ಮ ಆಕ್ಷೇಪ ಹಾಗೇ ಉಳಿದರೆ ಇನ್ನೊಂದು ಪತ್ರ ಬರೆಯಿರಿ, ಒಂದಕ್ಷರ ಬಿಡದೆ ಪ್ರಕಟಿಸುತ್ತೇವೆ.

– ಸಂಪಾದಕ